ಹೊತ್ತು ಹೊತ್ತಿನ ಇಸ್ತಾಂಬುಲ್

(ಧಾರವಾಡದಲ್ಲಿ ನಮ್ಮ ಬಡಾವಣೆಯ ವಾಚನಾಲಯದವರು ಕರೆದಾಗ ಆಡಿದ ಮಾತು. ಬರೆದು ಕೊಡಿ ಅಂದರು. ಫೋಟೊ ತೋರಿಸಿ ಸುಮ್ಮನಾದ ಕಡೆಯೆಲ್ಲ ಈಗ ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಸ್ತಾಂಬುಲಿನಲ್ಲಿ ನಾನು ಕಲಿತ ಮೊದಲ ತುರ್ಕಿ ಮಾತು ‘ಬಿತ್ತಿ’.

ಮಧ್ಯಾಹ್ನ ಮೂರೂಕಾಲು ಆಗಿತ್ತು. ಬೆಳಗಿನಿಂದ ಅರಮನೆ, ಮಸೀದಿ ಅಂತ ಅಲೆದು ಕಾಲು ಸೋತು, ಒಂದು ಸಣ್ಣ ಊಟದ ಅಂಗಡಿಗೆ ನುಗ್ಗಿದೆವು. ಗಾಜಿನ ಹಿಂದೆ ಸ್ಟೀಲಿನ ದೊಡ್ಡ ತಟ್ಟೆಗಳು ಸಾಲಾಗಿದ್ದವು. ಬದನೆಕಾಯಿ ಇದ್ದ ತಟ್ಟೆಯಲ್ಲಿ ಕೆಂಪು ಎಣ್ಣೆಯ ಗೆರೆಯೊಂದು ಉಳಿದಿತ್ತು. ಅದನ್ನು ತೋರಿಸಿದೆ. ಅಂಗಡಿಯಾತ ಎರಡೂ ಕೈ ಝಾಡಿಸಿ ‘ಬಿತ್ತಿ’ ಅಂದ. ಹುರುಳಿಕಾಯಿ? ಬಿತ್ತಿ. ಅದರ ಪಕ್ಕದ್ದು? ಅದೂ ಬಿತ್ತಿ. ನಮ್ಮಲ್ಲಿ ಬಿತ್ತಿದ ಮೇಲೆ ಬೆಳೆ ಬರುತ್ತದೆ, ಅಲ್ಲಿ ಬಿತ್ತಿ ಅಂದರೆ ಮುಗಿಯಿತು ಅಂತ ಅರ್ಥ. ಕೊನೆಗೆ ಪಕ್ಕದ ಬೀದಿಯಲ್ಲಿ, ಬಾಗಿಲಲ್ಲಿ ನಿಂತು ಕೈ ಹಿಡಿದು ಎಳೆಯುವ ಒಂದು ಹೋಟೆಲಿಗೆ ಹೋಗಿ, ತಣ್ಣಗಿನ ಪಿಜ್ಜಾಕ್ಕೆ ನಾಲ್ಕು ಊಟದ ದುಡ್ಡು ಕೊಟ್ಟು ಎದ್ದೆವು.

ಆ ಸಂಜೆ ನಮ್ಮ ಕಾರ್ಯಕ್ರಮದ ಪಟ್ಟಿಯನ್ನು ಮಡಚಿ ಬ್ಯಾಗಿನ ತಳಕ್ಕೆ ಹಾಕಿದೆ. ಉಳಿದ ಹತ್ತು ದಿನ ಒಂದೇ ಲೆಕ್ಕ ಇಟ್ಟುಕೊಂಡೆವು: ಆ ಊರಿನವರು ಯಾವ ಹೊತ್ತಿಗೆ ಏನು ತಿನ್ನುತ್ತಾರೋ ಆ ಹೊತ್ತಿಗೆ ಅದು ಸಿಗುವ ಕಡೆ ನಾವಿರಬೇಕು. ನೋಡುವ ಜಾಗಗಳು ಆ ಊಟ-ತಿಂಡಿಗಳ ಸಂದಿಯಲ್ಲಿ ಬರಲಿ. ಪ್ರವಾಸದ ಪುಸ್ತಕಗಳು ಇದನ್ನು ಉಲ್ಟಾ ಮಾಡುತ್ತವೆ. ಸ್ಮಾರಕಗಳಿಗೆ ವೇಳೆ ಹಾಕಿ, ‘ಸಮಯ ಸಿಕ್ಕರೆ ಇಲ್ಲಿ ತಿನ್ನಿ’ ಅಂತ ಕೆಳಗೆ ಬರೆಯುತ್ತವೆ. ಹದಿನೈದು ಶತಮಾನ ನಿಂತ ಕಟ್ಟಡ ಇನ್ನೆರಡು ಗಂಟೆ ಕಾಯುತ್ತದೆ ಕಣ್ರೀ, ಬದನೆಕಾಯಿ ಕಾಯುವುದಿಲ್ಲ.

ಬೆಳಗಿನಿಂದ ಶುರು ಮಾಡುತ್ತೇನೆ. ಏಳು ಗಂಟೆಗೆ ಬೀದಿಗಿಳಿದರೆ ಕಾಣುವುದು ಸಿಮಿತ್ ಗಾಡಿ. ಸಿಮಿತ್ ಅಂದರೆ ಬಳೆಯ ಆಕಾರದ, ಮೈತುಂಬ ಎಳ್ಳಿರುವ ಬ್ರೆಡ್ಡು. ಹಿಟ್ಟಿನ ಬಳೆಯನ್ನು ದ್ರಾಕ್ಷಿಯ ಕಾಕಂಬಿ ಬೆರೆಸಿದ ನೀರಲ್ಲಿ ಅದ್ದಿ, ಎಳ್ಳಲ್ಲಿ ಹೊರಳಿಸಿ ಬೇಯಿಸುತ್ತಾರೆ. ಹಾಗಾಗಿ ಹೊರಗೆ ಗರಿಗರಿ, ಸಣ್ಣಗೆ ಸಿಹಿ. ಹೊತ್ತೇರಿದ ಮೇಲೆ ಅದೇ ಸಿಮಿತ್ ತೊಗಲಾಗುತ್ತದೆ. ಆಫೀಸಿಗೆ ಓಡುವವರು ಒಂದು ಕೈಯಲ್ಲಿ ಸಿಮಿತ್, ಇನ್ನೊಂದು ಕೈಯಲ್ಲಿ ಚಹಾ ಹಿಡಿದೇ ಹಡಗು ಹತ್ತುತ್ತಾರೆ.

ರಜೆಯ ದಿನವಾದರೆ ಬೇರೆಯೇ ಕತೆ, ಅದು ‘ಕಹ್ವಾಲ್ತಿ’. ಕಹ್ವೆ ಅಂದರೆ ಕಾಫಿ, ಅಲ್ತಿ ಅಂದರೆ ಕೆಳಗೆ. ಕಾಫಿಗೆ ಮೊದಲು ಹೊಟ್ಟೆಗೆ ಹಾಕುವ ಆಸರೆ ಅಂತ ಇಟ್ಟುಕೊಳ್ಳಿ. ನಾವು ‘ತಿಂಡಿ’ ಅನ್ನುವುದನ್ನು ಅವರು ಎರಡು ಗಂಟೆ ಕೂತು ಮಾಡುತ್ತಾರೆ. ಮೇಜಿನ ಮೇಲೆ ಹದಿನೈದು ಸಣ್ಣ ತಟ್ಟೆಗಳು: ನಾಲ್ಕು ಬಗೆಯ ಚೀಸು, ಕರಿ ಮತ್ತು ಹಸಿರು ಆಲಿವ್, ಟೊಮ್ಯಾಟೊ, ಸೌತೆಕಾಯಿ, ಮುರಬ್ಬ, ಬೆಣ್ಣೆ, ಮೊಟ್ಟೆ. ನಡುವೆ ಕಾಯ್ಮಾಕ್ ಮತ್ತು ಜೇನು. ಕಾಯ್ಮಾಕ್ ಬೇರೇನಲ್ಲ, ಹಾಲಿನ ಗಟ್ಟಿ ಕೆನೆ, ಎಮ್ಮೆ ಹಾಲಿನದಾದರೆ ಶ್ರೇಷ್ಠ. ಚಿಕ್ಕಂದಿನಲ್ಲಿ ಅಜ್ಜಿಯ ಕಣ್ಣು ತಪ್ಪಿಸಿ ಹಾಲಿನ ಪಾತ್ರೆಯಿಂದ ಕೆನೆ ಎತ್ತಿ ಸಕ್ಕರೆ ಹಾಕಿ ತಿಂದಿದ್ದವರಿಗೆ ಇದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಅದನ್ನು ಕದಿಯಬೇಕಾಗಿಲ್ಲ, ಅಷ್ಟೇ.

ಚಹಾದ ಬಗ್ಗೆ ಎರಡು ಮಾತು. ಹಾಲು ಕೇಳಬೇಡಿ. ಎರಡು ಅಂತಸ್ತಿನ ಕೆಟಲು: ಮೇಲೆ ಗಟ್ಟಿ ಡಿಕಾಕ್ಷನ್, ಕೆಳಗೆ ಕುದಿಯುವ ನೀರು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟಕ್ಕೆ ಮೊದಲು ಡಿಕಾಕ್ಷನ್, ಮೇಲೆ ನೀರು. ಒಳ್ಳೆಯ ಚಹಾದ ಬಣ್ಣಕ್ಕೆ ಅವರು ‘ಮೊಲದ ರಕ್ತ’ ಅನ್ನುತ್ತಾರೆ. ಲೋಟಕ್ಕೆ ಹಿಡಿಕೆ ಇಲ್ಲ, ಅಂಚಿನಲ್ಲಿ ಎರಡು ಬೆರಳಿನಿಂದ ಹಿಡಿಯಬೇಕು. ತುರ್ಕಿ ಅಂದರೆ ಕಾಫಿ ಅಂದುಕೊಂಡು ಹೋಗಿರುತ್ತೇವೆ, ಆದರೆ ಇವತ್ತಿನ ತುರ್ಕಿ ಚಹಾದ ದೇಶ. ಕಾಫಿ ಬೆಳೆಯುತ್ತಿದ್ದ ಯೆಮೆನ್ ತುರ್ಕರ ಆಟೊಮನ್ ಸಾಮ್ರಾಜ್ಯದ ಕೈತಪ್ಪಿದ ಮೇಲೆ, ಗಣರಾಜ್ಯದ ಕಾಲದಲ್ಲಿ ಕಪ್ಪು ಸಮುದ್ರದ ದಡದ ರಿಜೆ ಸೀಮೆಯಲ್ಲಿ ಚಹಾ ಬೆಳೆಸಿದರು. ಕಾಫಿ ಊಟದ ನಂತರಕ್ಕೆ, ಅತಿಥಿಗಳಿಗೆ ಅಂತ ಉಳಿಯಿತು. ಕುಡಿಯುವುದಾದರೆ ಸಕ್ಕರೆ ಎಷ್ಟು ಅಂತ ಮೊದಲೇ ಹೇಳಬೇಕು. ಪುಡಿ, ಸಕ್ಕರೆ, ನೀರು ಮೂರನ್ನೂ ಒಟ್ಟಿಗೆ ಕಾಯಿಸುವುದರಿಂದ ಆಮೇಲೆ ಹಾಕುವ ಪ್ರಶ್ನೆಯಿಲ್ಲ. ಮತ್ತೆ ಕೊನೆಯ ಗುಟುಕು ಕುಡಿಯಬೇಡಿ, ಅದು ಗಸಿ. ನಮ್ಮ ಮನೆಯವರು ಕುಡಿದು, ಹಲ್ಲೆಲ್ಲ ಕಪ್ಪಾಗಿ, ಅರ್ಧ ದಿನ ಬಾಯಿ ಮುಚ್ಚಿಕೊಂಡಿದ್ದರು. ನನಗೇನೂ ತೊಂದರೆಯಾಗಲಿಲ್ಲ.

ತಿಂಡಿ ಆಯಿತಲ್ಲ, ಈಗ ನೋಡುವುದಕ್ಕೆ ಹೊರಡೋಣ. ಹಾಗಿಯಾ ಸೋಫಿಯಾ. ಜಸ್ಟಿನಿಯನ್ ಚಕ್ರವರ್ತಿ ಆರೇ ವರ್ಷದೊಳಗೆ ಕಟ್ಟಿಸಿ 537ರಲ್ಲಿ ಮುಗಿಸಿದ ಇಗರ್ಜಿ, 1453ರಿಂದ ಮಸೀದಿ, 1930ರ ದಶಕದಿಂದ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. 2024ರ ಜನವರಿಯಿಂದ ಹೊರದೇಶದವರಿಗೆ ಮೇಲಿನ ಮಹಡಿಯಷ್ಟೇ, ಅದಕ್ಕೆ 25 ಯೂರೊ ಟಿಕೆಟ್. ದುಬಾರಿ ಅಂತ ಗೊಣಗಿದೆ, ಆದರೂ ಹೋಗಿ ಅಂತಲೇ ಹೇಳುತ್ತೇನೆ. ಗುಮ್ಮಟದ ಸುತ್ತ ಬುಡದಲ್ಲಿ ನಲವತ್ತು ಕಿಟಕಿಗಳಿವೆ. ಬೆಳಕು ಅಲ್ಲಿಂದ ಒಳಗೆ ಬರುವಾಗ, ಅಷ್ಟು ದೊಡ್ಡ ಗುಮ್ಮಟ ಯಾವುದರ ಮೇಲೂ ಕೂತೇ ಇಲ್ಲ ಅನ್ನಿಸುತ್ತದೆ. ಮೇಲಿನ ಮಹಡಿಯ ಅಮೃತಶಿಲೆಯ ಕಟಾಂಜನದ ಮೇಲೆ ಗೀಚಿದ ಗುರುತೊಂದಿದೆ, ಗಾಜು ಹಾಕಿ ಕಾಪಾಡಿದ್ದಾರೆ. ಸಾವಿರ ವರ್ಷಕ್ಕೂ ಹಿಂದೆ ಉತ್ತರದ ವೈಕಿಂಗ್ ಯಾರೋ ತಮ್ಮ ಲಿಪಿಯಲ್ಲಿ ಕೊರೆದ ಬರಹ. ಅದರಲ್ಲಿ ಈಗ ಓದಲು ಬರುವುದು ಹಾಲ್ಫ್‌ದಾನ್ ಎಂಬ ಹೆಸರು ಮಾತ್ರ. ಬಾದಾಮಿ, ಹಂಪಿಯಲ್ಲಿ ಕಲ್ಲಿನ ಮೇಲೆ ಹೃದಯ ಕೆತ್ತಿ ಹೆಸರು ಬರೆಯುವ ನಮ್ಮ ಹುಡುಗರಿಗೆ ದಯವಿಟ್ಟು ಇದನ್ನು ಹೇಳಬೇಡಿ.

ಮಸೀದಿಗಳಿಗೂ ಹೊತ್ತಿದೆ. ದಿನಕ್ಕೆ ಐದು ನಮಾಜು. ಆ ವೇಳೆ ಪ್ರವಾಸಿಗರನ್ನು ಹೊರಗೆ ನಿಲ್ಲಿಸುತ್ತಾರೆ, ಶುಕ್ರವಾರ ಮಧ್ಯಾಹ್ನವಂತೂ ಆ ಕಡೆ ತಲೆ ಹಾಕಬೇಡಿ. ಹೆಂಗಸರು ಒಂದು ದುಪಟ್ಟಾ, ಎಲ್ಲರೂ ಸುಲಭವಾಗಿ ಬಿಚ್ಚುವ ಚಪ್ಪಲಿ. ತೊಪ್ಕಾಪಿ ಅರಮನೆಗೆ ಮಂಗಳವಾರ ರಜೆ, ದೊಡ್ಡ ಬಜಾರಿಗೆ ಭಾನುವಾರ. ಬಜಾರಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನನಗೆ ತಲೆನೋವು ಬಂತು.

ತೊಪ್ಕಾಪಿಯಲ್ಲಿ ನಿಂತಾಗ ನನಗೆ ನೆನಪಾದದ್ದು ವಜ್ರ-ವೈಡೂರ್ಯವಲ್ಲ, ಶ್ರೀರಂಗಪಟ್ಟಣ. ಟಿಪ್ಪು ಸುಲ್ತಾನ 1786ರಲ್ಲಿ ಗುಲಾಮ್ ಅಲಿ ಖಾನನ ಮುಂದಾಳ್ತನದಲ್ಲಿ ಇಲ್ಲಿನ ಆಟೊಮನ್ ಸುಲ್ತಾನನ ಬಳಿಗೊಂದು ದೊಡ್ಡ ರಾಯಭಾರ ಕಳಿಸಿದ್ದ. ನಮ್ಮ ಕರಾವಳಿಯಿಂದ ಹಡಗು ಹತ್ತಿ, ಮಸ್ಕತ್, ಬಸ್ರಾ ದಾಟಿ ಬಂದವರು. ದಾರಿಯಲ್ಲಿ ಹಡಗು ಕಳೆದುಕೊಂಡರು, ಪ್ಲೇಗಿಗೆ ಸಿಕ್ಕಿ ಎಷ್ಟೋ ಜನ ಸತ್ತರು. ಕೇಳಿದ ಸೈನ್ಯದ ಸಹಾಯ ಸಿಗಲಿಲ್ಲ. ನಾವು ಬೆಂಗಳೂರಿನಲ್ಲಿ ರಾತ್ರಿ ವಿಮಾನ ಹತ್ತಿ, ಸೀಟು ಇಕ್ಕಟ್ಟು ಅಂತ ಗೊಣಗುತ್ತ ಬಂದಿದ್ದೆವು.

ಈಗ ಮಧ್ಯಾಹ್ನ. ಇದೇ ಮುಖ್ಯವಾದ ಹೊತ್ತು, ಹನ್ನೆರಡರಿಂದ ಒಂದೂವರೆ. ‘ಎಸ್ನಾಫ್ ಲೊಕಾಂತಾಸಿ’ ಅಂತ ಬೋರ್ಡು ಹುಡುಕಿ. ಎಸ್ನಾಫ್ ಅಂದರೆ ಅಂಗಡಿಕಾರರು, ಕಸುಬಿನವರು. ಅವರು ಉಣ್ಣುವ ಊಟದ ಮನೆ. ಬೇರೆ ಊರಲ್ಲಿ ಇದನ್ನು ವಿವರಿಸಬೇಕಾಗುತ್ತದೆ, ಧಾರವಾಡದಲ್ಲಿ ಒಂದು ಮಾತು ಸಾಕು: ಖಾನಾವಳಿ. ಬೆಳಗ್ಗೆ ಒಮ್ಮೆ ಅಡುಗೆ, ಮುಗಿಯುವ ತನಕ ಊಟ, ಮುಗಿದ ಮೇಲೆ ಬಿತ್ತಿ. ಮೆನು ಓದುವ ರಗಳೆಯಿಲ್ಲ, ಗಾಜಿನ ಹಿಂದಿನ ತಟ್ಟೆಗೆ ಬೆರಳು ತೋರಿಸಿದರಾಯಿತು. ಬ್ರೆಡ್ಡಿಗೆ ಎಷ್ಟೋ ಕಡೆ ದುಡ್ಡಿಲ್ಲ, ನೀರಿನ ಬಾಟಲಿಗೆ ಇದೆ.

ನಾನು ಶಾಕಾಹಾರಿ. ತುರ್ಕಿಗೆ ಹೋಗುತ್ತೇನೆ ಅಂದಾಗ ನೆರೆಮನೆಯವರು ಅವಲಕ್ಕಿ, ಚಟ್ನಿಪುಡಿ, ಖಾಖ್ರಾ ಎಲ್ಲ ಕಟ್ಟಿಕೊಟ್ಟಿದ್ದರು. ಅರ್ಧ ವಾಪಸು ಬಂತು. ಅಲ್ಲಿ ‘ಜೆಯ್ತಿನ್‌ಯಾಲಿ’ ಅಂತ ಒಂದು ಇಡೀ ವರ್ಗದ ಅಡುಗೆಯೇ ಇದೆ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿಗಳು. ಹುರುಳಿಕಾಯಿ, ಅಲಸಂದೆಯ ಹಾಗಿನ ಕಾಳು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಅದರಲ್ಲಿ ರಾಜ ‘ಇಮಾಮ್ ಬಾಯಿಲ್ದಿ’, ಅಂದರೆ ಇಮಾಮ್ ಸಾಹೇಬರು ಮೂರ್ಛೆ ಹೋದರು. ರುಚಿಗೆ ಮೂರ್ಛೆ ಹೋದರೋ, ಹೆಂಡತಿ ಸುರಿದ ಎಣ್ಣೆಯ ಲೆಕ್ಕ ಕೇಳಿ ಹೋದರೋ ಅಂತ ಇವತ್ತಿಗೂ ಜಗಳ. ನಮ್ಮ ಎಣ್ಣೆಗಾಯಿಯ ದಾಯಾದಿ ಅದು. ಬದನೆಕಾಯಿಯ ಹೊಟ್ಟೆ ಸೀಳಿ ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊ ತುಂಬಿರುತ್ತಾರೆ. ಶೇಂಗಾ-ಗುರೆಳ್ಳು ಇಲ್ಲ, ಖಾರ ಇಲ್ಲ. ಮೊದಲ ತುತ್ತಿಗೆ ಸಪ್ಪೆ ಅನ್ನಿಸಿತು. ಮೂರನೆಯ ತುತ್ತಿಗೆ ಬದನೆಕಾಯಿಯದೇ ರುಚಿ ನಾಲಿಗೆಗೆ ಹತ್ತಿತು. ಚಟ್ನಿಪುಡಿ ಡಬ್ಬಿ ತೆಗೆದ ಕೈ ಹಾಗೇ ನಿಂತಿತು.

ಎಚ್ಚರಿಕೆಯೂ ಬೇಕು. ಕಣ್ಣಿಗೆ ಕಾಣದ ಮಾಂಸವಿರುತ್ತದೆ. ಬೇಳೆ ಸೂಪಿಗೆ ಎಲುಬಿನ ರಸ, ಅನ್ನಕ್ಕೆ ಕೋಳಿ ರಸ ಹಾಕುವುದುಂಟು. ‘ಎತ್ಸಿಜ್’ ಅಂದರೆ ಮಾಂಸವಿಲ್ಲದ್ದು, ‘ಎತ್ ಸುಯು’ ಅಂದರೆ ಮಾಂಸದ ರಸ. ಈ ಎರಡು ಮಾತು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪಟ್ಟಣದ ತುಂಬ ‘ಚಿಯ್ ಕೊಫ್ತೆ’ ಅಂತ ಅಂಗಡಿಗಳಿವೆ. ಹೆಸರು ಹಸಿ ಕೊಫ್ತಾ ಅಂತಿದ್ದರೂ ಬೀದಿ ಅಂಗಡಿಗಳಲ್ಲಿ ಮಾರುವುದು ಮಾಂಸವಿಲ್ಲದ್ದೇ. ಗೋದಿನುಚ್ಚು, ಖಾರ, ದಾಳಿಂಬೆ ಹುಳಿ ಎಲ್ಲ ನಾದಿ, ರೊಟ್ಟಿಯಲ್ಲಿ ಸುತ್ತಿ ಕೊಡುತ್ತಾರೆ. ಖಾರ ಬೇಕೆಂದು ನಾಲಿಗೆ ಅಳುವ ದಿನ ಅಲ್ಲಿಗೆ ಹೋಗಿ.

ಒಂದು ಮಧ್ಯಾಹ್ನವನ್ನು ಸುಲೇಮಾನಿಯೆ ಮಸೀದಿಗೆ ಇಡಿ. ವಾಸ್ತುಶಿಲ್ಪಿ ಸಿನಾನ್ 1557ರಲ್ಲಿ ಮುಗಿಸಿದ್ದು. ನೀಲಿ ಮಸೀದಿಯಷ್ಟು ಜನ ಇಲ್ಲಿಗೆ ಬರುವುದಿಲ್ಲ, ನನಗೆ ಅದಕ್ಕಿಂತ ಇದೇ ಹೆಚ್ಚು ಹಿಡಿಸಿತು. ಒಳಗೆ ಸಾವಿರಾರು ದೀಪ ಉರಿಯುತ್ತಿದ್ದ ಕಾಲದಲ್ಲಿ, ಗಾಳಿ ಹೊಗೆಯನ್ನು ಒಂದೇ ಕಡೆ ಒಯ್ಯುವಂತೆ ಸಿನಾನ್ ಕಟ್ಟಿದ್ದನಂತೆ. ಅಲ್ಲಿ ಕೂತ ಮಸಿಯನ್ನು ಕೆರೆದು ಬರೆಯುವ ಶಾಯಿ ಮಾಡುತ್ತಿದ್ದರಂತೆ. ಹಣತೆಯ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿಯುತ್ತಿದ್ದ ನಮ್ಮವ್ವನಿಗೆ ಇದು ಸುಲಭವಾಗಿ ಅರ್ಥವಾಗುತ್ತಿತ್ತು. ಮಸೀದಿಯ ಎದುರಿಗೇ ಸಾಲಾಗಿ ಬೀನ್ಸ್ ಅಂಗಡಿಗಳು. ಒಂದು ಕಾಲಕ್ಕೆ ಆ ಸಾಲಿಗೆ ಚಟಗಾರರ ಬಜಾರು ಅಂತ ಹೆಸರು, ಅಫೀಮು ಸಿಗುತ್ತಿತ್ತು. ಈಗ ಬಿಳಿ ಬೀನ್ಸಿನ ಸಾರು, ಅನ್ನ, ಉಪ್ಪಿನಕಾಯಿ. ‘ಎತ್ಸಿಜ್’ ಕೇಳಿಕೊಂಡು ಕೂತುಬಿಡಿ. ಜೊತೆಗೆ ಆಯ್ರಾನ್, ನಮ್ಮ ಮಜ್ಜಿಗೆಯೇ. ಒಗ್ಗರಣೆ ಇಲ್ಲ, ಶುಂಠಿ ಇಲ್ಲ, ಉಪ್ಪು ಮತ್ತು ನೊರೆ ಮಾತ್ರ.

ಊಟ ಮುಗಿದ ಮೇಲೆ ‘ಹೆಸಾಪ್’ ಅನ್ನಿ. ಹಿಸಾಬು! ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಿಲ್ಲ. ಆಮೇಲೆ ಕಿವಿ ಚುರುಕಾಯಿತು. ಜೇಬಿಗೆ ಜೆಪ್, ದುಕಾನಿಗೆ ದುಕ್ಕಾನ್, ಸಾಬಾಣಕ್ಕೆ ಸಾಬುನ್, ತಾಜಾಕ್ಕೆ ತಾಜೆ, ಜವಾಬಿಗೆ ಜೆವಾಪ್, ತಾರೀಖಿಗೆ ತಾರಿಹ್. ಅರಬ್ಬಿ-ಫಾರ್ಸಿಯಿಂದ ಆ ಕಡೆ ಅವರಿಗೂ ಈ ಕಡೆ ನಮಗೂ ಬಂದ ಮಾತುಗಳು. ನಮ್ಮ ಉತ್ತರ ಕರ್ನಾಟಕದ ಕಚೇರಿ, ಸಂತೆಯ ಮಾತು ಗೊತ್ತಿದ್ದವರಿಗೆ ಇಸ್ತಾಂಬುಲಿನ ಬೀದಿ ಅರ್ಧ ಪರಿಚಯದ್ದೇ.

ಮೋಸ ಹೋದದ್ದನ್ನೂ ಹೇಳಿಬಿಡುತ್ತೇನೆ. ಗಲಾತಾ ಸೇತುವೆ, ಉದ್ದಕ್ಕೂ ಗಾಳ ಹಾಕಿ ನಿಂತ ಜನ. ನಮ್ಮ ಮುಂದೆ ಹೋಗುತ್ತಿದ್ದ ಬೂಟ್ ಪಾಲಿಶಿನ ಮುದುಕನ ಪೆಟ್ಟಿಗೆಯಿಂದ ಬ್ರಷ್ ಜಾರಿ ಬಿತ್ತು. ನಮ್ಮ ಮನೆಯವರು ಓಡಿ ಹೋಗಿ ಎತ್ತಿಕೊಟ್ಟರು. ಮುದುಕನಿಗೆ ಎಷ್ಟು ಕೃತಜ್ಞತೆ! ಎದೆ ಮುಟ್ಟಿಕೊಂಡು, ಬೇಡ ಬೇಡ ಅಂದರೂ ಕೂರಿಸಿ, ಬೂಟಿಗೆ ಪಾಲಿಶ್ ಹಚ್ಚಿದ. ಊರಲ್ಲಿರುವ ಮಕ್ಕಳ ಕತೆ ಹೇಳಿದ. ಮುಗಿದ ಮೇಲೆ ಕೈ ಚಾಚಿ ಕೇಳಿದ ಮೊತ್ತದಲ್ಲಿ ಹೊಸ ಬೂಟು ಬರುತ್ತಿತ್ತು. ಅರ್ಧಕ್ಕೆ ಇಳಿಸಿ ಕೊಟ್ಟು ಬಂದೆವು. ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದರೆ ಬ್ರಷ್ ಮತ್ತೆ ಬಿದ್ದಿತ್ತು, ಬೇರೆ ಯಾರೋ ಎತ್ತಿಕೊಡುತ್ತಿದ್ದರು. ಅಲ್ಲಿ ಬ್ರಷ್ ಬಿದ್ದರೆ ಬಿದ್ದಿರಲಿ.

ಆ ಸೇತುವೆಯ ಕೆಳಗೇ ಈ ಊರಿನ ಅತ್ಯುತ್ತಮ ಅನುಭವ ಅತ್ಯಂತ ಅಗ್ಗಕ್ಕೆ ಸಿಗುತ್ತದೆ. ಎಮಿನೊನು ದಕ್ಕೆಯಿಂದ ಕಡಿಕೊಯ್‌ಗೆ ಹೋಗುವ ಜನಸಾಮಾನ್ಯರ ಹಡಗು. ಇಪ್ಪತ್ತು-ಇಪ್ಪತ್ತೈದು ನಿಮಿಷ. ಬಾಸ್ಫರಸ್ ಜಲಸಂಧಿ ಈ ಊರನ್ನು ಎರಡು ಖಂಡಕ್ಕೆ ಹಂಚಿದೆ, ಹಾಗಾಗಿ ಯುರೋಪಿನಲ್ಲಿ ಹತ್ತಿ ಏಷ್ಯಾದಲ್ಲಿ ಇಳಿಯುತ್ತೀರಿ. ಊರಿನ ಬಸ್ಸು, ಮೆಟ್ರೊ, ಟ್ರಾಮಿಗೆ ನಡೆಯುವ ‘ಇಸ್ತಾಂಬುಲ್ ಕಾರ್ತ್’ ಇದಕ್ಕೂ ನಡೆಯುತ್ತದೆ. ‘ಬಾಸ್ಫರಸ್ ವಿಹಾರ’ ಅಂತ ದಕ್ಕೆಯಲ್ಲಿ ಕೂಗುವವರ ಮಾತಿಗೆ ಮರುಳಾಗಬೇಡಿ, ಅದೇ ನೀರು, ಅದೇ ಗಾಳಿ. ಮಧ್ಯಾಹ್ನ ಆ ಕಡೆ ಹೋಗಿ, ಕಡಿಕೊಯ್ ಸಂತೆಯಲ್ಲಿ ಸುತ್ತಾಡಿ. ಅಲ್ಲಿ ಬಗೆಬಗೆಯ ಉಪ್ಪಿನಕಾಯಿ ಭರಣಿಗಳ ಅಂಗಡಿಗಳಿವೆ, ಉಪ್ಪಿನಕಾಯಿಯ ನೀರನ್ನೇ ಲೋಟದಲ್ಲಿ ಕುಡಿಯಲು ಕೊಡುತ್ತಾರೆ. ನಾನು ಎರಡು ಲೋಟ ಕುಡಿದೆ, ಡಾಕ್ಟರಿಗೆ ಹೇಳಿಲ್ಲ.

ವಾಪಸು ಬರುವುದು ಮಾತ್ರ ಸೂರ್ಯ ಮುಳುಗುವ ಹೊತ್ತಿಗೆ. ಹಡಗು ಪಶ್ಚಿಮಕ್ಕೆ ಮುಖ ಮಾಡಿರುತ್ತದೆ. ಹೊರಗಿನ ಬೆಂಚಿನಲ್ಲಿ ಕೂರಿ, ಚಳಿಯಾದರೂ ಸರಿ. ಹಿಂದೆ ಹೈದರ್‌ಪಾಷಾ ರೈಲು ನಿಲ್ದಾಣ ನೀರಿನ ಅಂಚಿಗೆ ಕೋಟೆಯ ಹಾಗೆ ನಿಂತಿರುತ್ತದೆ. ಒಬ್ಬ ಹುಡುಗ ತಟ್ಟೆಯ ತುಂಬ ಚಹಾದ ಲೋಟ ಹೊತ್ತು, ಹಡಗು ಹೊಯ್ದಾಡಿದರೂ ಒಂದು ಹನಿ ಚೆಲ್ಲದೆ ಬರುತ್ತಾನೆ. ಯಾರೋ ಸಿಮಿತ್ ಮುರಿದು ಗಾಳಿಗೆ ಎಸೆಯುತ್ತಾರೆ, ಕಡಲಹಕ್ಕಿ ರೆಕ್ಕೆ ಅಲ್ಲಾಡಿಸದೆ ಹಿಡಿಯುತ್ತದೆ. ಮುಂದೆ ಹಳೆಯ ಊರಿನ ಗುಮ್ಮಟ, ಮಿನಾರುಗಳೆಲ್ಲ ಕೆಂಪಿನ ಮೇಲೆ ಕರಿಯ ಅಂಚಾಗಿರುತ್ತವೆ. ಅಷ್ಟರಲ್ಲಿ ಒಂದು ಮಿನಾರಿನಿಂದ ಬಾಂಗು ಶುರುವಾಗುತ್ತದೆ, ಅದು ಮುಗಿಯುವುದರೊಳಗೆ ಇನ್ನೊಂದರಿಂದ. ಮೂರು ಸಂಜೆ ಬರೀ ಇದಕ್ಕೇ ಆ ಕಡೆ ಹೋಗಿ ಬಂದೆವು. ಇದರಿಂದಾಗಿ ದೊಲ್ಮಾಬಾಹ್ಚೆ ಅರಮನೆ ನೋಡುವುದು ಉಳಿಯಿತು.

ರಾತ್ರಿಗೆ ಒಂದು ಜಾಗ. ವೆಫಾ ಅನ್ನುವ ಬಡಾವಣೆಯಲ್ಲಿ 1876ರಿಂದ ಇರುವ ಬೊಜಾ ಅಂಗಡಿ, ವೆಫಾ ಬೊಜಾಜಿಸಿ. ಹಳೆಯ ಕಟ್ಟಿಗೆಯ ಬಾಗಿಲು, ಗೋಡೆಗೆ ಬಣ್ಣದ ಹೆಂಚು. ತುರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ಕುಡಿದ ಲೋಟವನ್ನು ಗೋಡೆಯಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ಬೊಜಾ ಚಳಿಗಾಲದ್ದು. ನವೆಂಬರಿನ ಚಳಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮೃತಶಿಲೆಯ ಕಟ್ಟೆಯ ಮೇಲೆ ಲೋಟಗಳನ್ನು ತುಂಬಿ ಸಾಲಾಗಿ ಇಟ್ಟಿರುತ್ತಾರೆ, ಮೇಲೆ ದಾಲ್ಚಿನ್ನಿ ಪುಡಿ. ಕುಡಿಯಲು ಆಗದಷ್ಟು ದಪ್ಪ, ಚಮಚ ಕೊಡುತ್ತಾರೆ. ನಮ್ಮ ಮನೆಯವರು ಒಂದು ಚಮಚ ಬಾಯಿಗಿಟ್ಟುಕೊಂಡು ಕಣ್ಣು ಅರಳಿಸಿ, ‘ಏ, ನೋಡಿಲ್ಲಿ, ಇದು ನಮ್ಮ ಅಂಬಲಿನ ಅಲ್ಲೇನ?’ ಅಂದರು.

ಹೌದು. ಕಿರುಧಾನ್ಯ ಬೇಯಿಸಿ, ಹುಳಿ ಬರಿಸಿ, ಸಕ್ಕರೆ ಹಾಕಿದ ಅಂಬಲಿ. ಹುಳಿ ಬಂದ ಪದಾರ್ಥವಾದ್ದರಿಂದ ಮದ್ಯದ ಅಂಶ ಲವಲೇಶ ಇರುತ್ತದೆ, ಕಟ್ಟುನಿಟ್ಟಿನವರು ತಿಳಿದಿರಿ. ನಮ್ಮ ಪಕ್ಕ ನಿಂತಿದ್ದ ಅಜ್ಜಿಯೊಬ್ಬರು ಬರೀ ಬೊಜಾ ಇದ್ದ ನಮ್ಮ ಲೋಟ ನೋಡಿ, ತಲೆ ಅಲ್ಲಾಡಿಸಿ, ನನ್ನ ಮೊಣಕೈ ಹಿಡಿದು ಎದುರಿನ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಬಿಸಿಬಿಸಿ ‘ಲೆಬ್ಲೆಬಿ’ ಪೊಟ್ಟಣ. ಬಿಚ್ಚಿ ನೋಡಿದರೆ ಹುರಿದ ಕಡಲೆ! ಅದನ್ನು ಬೊಜಾದ ಮೇಲೆ ಸುರಿದುಕೊಂಡು ತಿನ್ನಬೇಕಂತೆ. ಅಜ್ಜಿ ತಾವೇ ಸುರಿದರು, ನಾನು ತಿನ್ನುವವರೆಗೂ ಕದಲಲಿಲ್ಲ.

ಹೊರಡುವವರಿಗೆ ಸಣ್ಣ ಮಾತು: ನಮಗೆ ವೀಸಾ ಬೇಕು. ಅಮೆರಿಕ, ಬ್ರಿಟನ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದವರಿಗೆ ಇ-ವೀಸಾ ಸಿಗುತ್ತದೆ, ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ. ಊಟ-ತಿಂಡಿಯ ಬೆಲೆಗಳನ್ನು ನಾನು ಬೇಕೆಂದೇ ಹೇಳಲಿಲ್ಲ. ಅಲ್ಲಿನ ಹಣದುಬ್ಬರದಲ್ಲಿ ನಾನು ಹೇಳುವ ಲಿರಾ ಲೆಕ್ಕ ನೀವು ಹೋಗುವಷ್ಟರಲ್ಲಿ ಹಳಸಿರುತ್ತದೆ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ, ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿದರು. ‘ಅಕ್ಕಾರ, ಎಲ್ಲಾ ಖರೆ. ಅಲ್ಲಿ ಮಸರನ್ನ ಸಿಗತದೇನ್ರಿ?’ ಎಲ್ಲರೂ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಆರನೆಯ ದಿನ ರಾತ್ರಿ ನನಗೂ ಅದೇ ಬೇಕಾಗಿತ್ತು. ‘ಸಿಗತದ್ರಿ’ ಅಂದೆ. ‘ಯೋಗರ್ಟ್’ ಅನ್ನುವ ಮಾತೇ ತುರ್ಕಿಯವರದು, ಮೊಸರಿಗೆ ಅಲ್ಲಿ ಬರವಿಲ್ಲ. ಅವರಲ್ಲಿ ‘ಯಾಯ್ಲಾ ಚೊರ್ಬಾಸಿ’ ಅಂತ ಒಂದು ಸೂಪಿದೆ. ಅನ್ನ ಮೆತ್ತಗೆ ಬೇಯಿಸಿ, ಮೊಸರು ಕದಡಿ ಕಾಯಿಸಿ, ಕೊನೆಗೆ ಬೆಣ್ಣೆಯಲ್ಲಿ ಒಣ ಪುದೀನ ಚುರ್ ಅನ್ನಿಸಿ ಮೇಲೆ ಸುರಿಯುತ್ತಾರೆ. ‘ಎತ್ ಸುಯು’ ಇದೆಯಾ ಅಂತ ಕೇಳುವುದು ಮಾತ್ರ ಮರೆಯಬೇಡಿ. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, ‘ಅಂದ್ರ ಬಿಸಿ ಮಸರನ್ನಕ್ಕ ಒಗ್ಗರಣಿ. ಸಾಸಿವಿ ಇಲ್ಲೇನ್ರಿ?’ ಅಂದರು. ಇಲ್ಲ ಅಂದೆ. ‘ಸಾಸಿವಿ ನಾ ಒಯ್ತೀನಿ ಬಿಡ್ರಿ’ ಅಂತ ಕೂತರು.